ಮೋಡ ಬೇಕೋ, ಹಕ್ಕಿ ಬೇಕೋ?

ಮೇ ತಿಂಗಳು ಮುಗಿಯುತ್ತಾ ಬಂತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಅಂಬೋಲಿ ಶುರುವಾಗುತ್ತದೆ. ಡೊಂಬಿವಲಿ, ಚಿಂಚವಾಡ, ಮಾಟುಂಗಾ, ಮಡಗಾಂವ್, ಎಲ್ಲ ಕಡೆಯ ಕನ್ನಡಿಗರಿಗೂ ಒಂದೇ ಆಸೆ. ಘಟ್ಟದ ಮೇಲೆ ಮೋಡದೊಳಗೆ ನಿಲ್ಲಬೇಕು, ಹಕ್ಕಿ ನೋಡಬೇಕು. ನಾನು ವಾಸ್ಕೋದ ಬಂದರಿನಲ್ಲಿ ಗುಮಾಸ್ತಿಕೆ ಮಾಡಿ ನಿವೃತ್ತನಾದವನು. ನನಗೆ ಘಟ್ಟ ಹತ್ತಲು ನೆಪ ಬೇಕಿಲ್ಲ. ಉತ್ತರ ಬರೆಸಲು ಮಾತ್ರ ಸಂಪಾದಕರು ಎರಡೆರಡು ಸಲ ಫೋನ್ ಮಾಡಬೇಕಾಗುತ್ತದೆ. ಈ ಸಲದ ಪತ್ರಗಳು ಇಲ್ಲಿವೆ.

ಜುಲೈ ಮೊದಲ ಶನಿವಾರ-ಭಾನುವಾರ ಇಬ್ಬರು ಮಕ್ಕಳ ಜೊತೆ ಅಂಬೋಲಿಗೆ ಹೋಗಬೇಕೆಂದಿದ್ದೇವೆ. ಮೋಡವನ್ನೂ ನೋಡಬೇಕು, ಮಂಗಟ್ಟೆ (ಹಾರ್ನ್‌ಬಿಲ್) ಹಕ್ಕಿಯನ್ನೂ ನೋಡಬೇಕು. ಎರಡು ದಿನ ಸಾಕೇ ಸರ್?
*ಓದುಗರು, ಡೊಂಬಿವಲಿ*

ಎರಡನ್ನೂ ಒಟ್ಟಿಗೆ ಕೇಳಬೇಡಿ. ಜುಲೈನಲ್ಲಿ ಮೋಡ ಸಿಗುತ್ತದೆ, ಮಂಗಟ್ಟೆ ಸಿಗುವುದಿಲ್ಲ ಅಂದುಕೊಂಡೇ ಹೊರಡಿ. ಹತ್ತು ಮಾರು ಆಚೆಯ ಮರವೇ ಕಾಣದಿದ್ದಾಗ ಅದರ ತುದಿಯಲ್ಲಿ ಕೂತ ಹಕ್ಕಿ ಎಲ್ಲಿಂದ ಕಾಣಬೇಕು?

ಅಂಬೋಲಿ ಇರುವುದು ಸಿಂಧುದುರ್ಗ ಜಿಲ್ಲೆಯ ಸಾವಂತವಾಡಿ ತಾಲೂಕಿನಲ್ಲಿ, ಸುಮಾರು 690 ಮೀಟರ್ ಎತ್ತರದಲ್ಲಿ. ಅಂಥಾ ಎತ್ತರವೇನಲ್ಲ, ಮಹಾಬಳೇಶ್ವರದ ಅರ್ಧ. ಆದರೆ ಅರಬ್ಬೀ ಸಮುದ್ರದ ಗಾಳಿ ಕೊಂಕಣ ದಾಟಿ ಬಂದು ಮೊದಲು ಗುದ್ದುವ ಗೋಡೆ ಈ ಘಟ್ಟವೇ. ಗುದ್ದಿದ ಗಾಳಿ ಮೇಲೆ ಏರುತ್ತದೆ, ಏರುತ್ತಾ ತಣ್ಣಗಾಗುತ್ತದೆ, ಹೊತ್ತು ತಂದ ನೀರನ್ನೆಲ್ಲ ಅಲ್ಲೇ ಚೆಲ್ಲುತ್ತದೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ, ನಿಮ್ಮ ಮುಂಬೈಯ ಮೂರು ಪಟ್ಟು. ಅದೂ ಹೆಚ್ಚುಕಡಿಮೆ ನಾಲ್ಕೇ ತಿಂಗಳಲ್ಲಿ. ಮಳೆ ನಿಂತಾಗಲೂ ಮರದ ಕೆಳಗೆ ನಿಂತರೆ ತಲೆ ನೆನೆಯುತ್ತದೆ. ಮೋಡದ ಹನಿಗಳನ್ನು ಎಲೆ, ಪಾಚಿ ಎಲ್ಲ ಹಿಡಿದಿಟ್ಟುಕೊಂಡು ನಿಧಾನವಾಗಿ ಕೆಳಗೆ ಬಿಡುತ್ತಿರುತ್ತವೆ.

ಹಾಗಾದರೆ ಜುಲೈನಲ್ಲಿ ಹೋಗಲೇಬಾರದಾ? ಖಂಡಿತ ಹೋಗಿ. ಕಣ್ಣಿಗೆ ಸ್ವಲ್ಪ ರಜೆ ಕೊಟ್ಟು ಕಿವಿ ತೆರೆದುಕೊಂಡು ಹೋಗಿ. ಬೆಳಕು ಹರಿಯುವ ಮೊದಲೇ ಸಿಳ್ಳಾರ ಹಕ್ಕಿ ಹಾಡಲು ಶುರು ಮಾಡುತ್ತದೆ. ಇಂಗ್ಲಿಷಿನಲ್ಲಿ ಇದು ಮಲಬಾರ್ ವಿಸ್ಲಿಂಗ್ ಥ್ರಷ್. ಮೈಯೆಲ್ಲ ಕಡುನೀಲಿ, ಹಣೆ ಮತ್ತು ಭುಜದ ಮೇಲೆ ಮಿರಮಿರ ಮಿಂಚುವ ನೀಲಿ. ರಾಗ ಏರುತ್ತದೆ, ಇಳಿಯುತ್ತದೆ, ದಾರಿ ತಪ್ಪುತ್ತದೆ, ಮತ್ತೆ ಎಲ್ಲಿಂದಲೋ ಎತ್ತಿಕೊಳ್ಳುತ್ತದೆ. ನಮ್ಮ ಮನೆಯವರು ಮೊದಲ ಸಲ ಕೇಳಿದಾಗ, "ಈ ಹೊತ್ತಿನಾಗ ಯಾರ್ರೀ ಅದು ಸಿಳ್ಳೆ ಹೊಡೆಯೋರು" ಅಂತ ಕಿಟಕಿ ಹಾಕಿಕೊಂಡಿದ್ದರು. ಮಳೆಗಾಲವೇ ಅದರ ಸಂಸಾರದ ಕಾಲ. ಹಳ್ಳದ ಪಕ್ಕ, ಬಂಡೆ ಸಂದಿಯಲ್ಲಿ ಗೂಡು. ಡಿಸೆಂಬರಿನಲ್ಲಿ ಬೇರೆ ಹಕ್ಕಿಗಳೆಲ್ಲ ಕಾಣುತ್ತವೆ, ಈ ಹಾಡು ಮಾತ್ರ ಹೀಗೆ ಸಿಗುವುದಿಲ್ಲ.

ಇನ್ನು ಮಕ್ಕಳ ವಿಷಯ. ಮಕ್ಕಳಿಗೆ ಹಕ್ಕಿಗಿಂತ ಕಪ್ಪೆ ತೋರಿಸಿ, ಖುಷಿಪಡುತ್ತಾರೆ. ರಾತ್ರಿ ಊಟ ಆದ ಮೇಲೆ ಊರಿನ ಹುಡುಗರೇ ಟಾರ್ಚ್ ಹಿಡಿದು ಕರೆದುಕೊಂಡು ಹೋಗುತ್ತಾರೆ. ಕೇಳಿ, ಹಾರುವ ಕಪ್ಪೆಯ ಗೂಡು ತೋರಿಸಿ ಅಂತ. ಅಚ್ಚ ಹಸಿರು ಮೈ, ಬೆರಳಿನ ನಡುವೆ ಕೆಂಪು ಪರದೆ. ನೀರು ನಿಂತ ಗುಂಡಿಯ ಮೇಲೆ ಬಾಗಿದ ಕೊಂಬೆ ಇರುತ್ತದಲ್ಲ, ಅದರ ಎಲೆಗಳನ್ನು ಸೇರಿಸಿ ಬಿಳಿ ನೊರೆಯ ಗೂಡು ಕಟ್ಟಿರುತ್ತದೆ. ಸೀಗೆಕಾಯಿ ನೊರೆ ತಂದು ಎಲೆಗೆ ಮೆತ್ತಿದ ಹಾಗೆ. ಮೊಟ್ಟೆ ಇರುವುದು ಅದರೊಳಗೆ. ಹೊರಗಿನ ನೊರೆ ಒಣಗಿ ಗಟ್ಟಿಯಾಗುತ್ತದೆ, ಒಳಗೆ ತೇವ ಹಾಗೇ ಇರುತ್ತದೆ. ಮರಿಗಳು ಬಲಿತ ಮೇಲೆ ಮಳೆಗೆ ನೊರೆ ಕರಗಿ ಒಂದೊಂದೇ ಟಪ್ ಟಪ್ ಅಂತ ಕೆಳಗಿನ ನೀರಿಗೆ ಬೀಳುತ್ತವೆ. ಅದು ಬೀಳುವ ಹೊತ್ತಿಗೇ ನೀವು ಅಲ್ಲಿದ್ದರೆ ನಿಮ್ಮ ಅದೃಷ್ಟ. ಕಪ್ಪೆಯನ್ನು ಕೈಯಲ್ಲಿ ಹಿಡಿಯಲು ಮಕ್ಕಳಿಗೆ ಬಿಡಬೇಡಿ. ಅದು ಚರ್ಮದಿಂದಲೂ ಉಸಿರಾಡುವ ಪ್ರಾಣಿ. ನಿಮ್ಮ ಕೈಗೆ ಹಚ್ಚಿದ ಸೊಳ್ಳೆ ಮುಲಾಮು ಅದಕ್ಕೆ ವಿಷ.

ಕೊಳೆತ ಮರದ ಮೇಲೆ ರಾತ್ರಿ ಹಸಿರಾಗಿ ಹೊಳೆಯುವ ಅಣಬೆಯ ಫೋಟೋ ನೀವೂ ನೋಡಿರಬಹುದು. ಅದು ನಿಜ, ಅಂಬೋಲಿಯಲ್ಲಿ ಇದೆ. ಆದರೆ ಫೋಟೋದಲ್ಲಿ ಕಾಣುವಷ್ಟು ಝಗಮಗ ಇಲ್ಲ. ಕ್ಯಾಮೆರಾ ತುಂಬ ಹೊತ್ತು ಕಣ್ಣು ಬಿಟ್ಟುಕೊಂಡು ತೆಗೆದ ಚಿತ್ರ ಅದು. ಟಾರ್ಚ್ ಆರಿಸಿ ಐದು ನಿಮಿಷ ಕತ್ತಲಲ್ಲಿ ಸುಮ್ನೆ ನಿಂತರೆ ಮಸುಕಾಗಿ ಕಾಣುತ್ತದೆ. ಐದು ನಿಮಿಷ ಮಕ್ಕಳನ್ನು ಸುಮ್ನೆ ನಿಲ್ಲಿಸುವುದು ನಿಮಗೆ ಬಿಟ್ಟದ್ದು.

ಶನಿವಾರ-ಭಾನುವಾರ ಮಾತ್ರ ಬೇಡ. ಜುಲೈ ಭಾನುವಾರದ ಅಂಬೋಲಿ ಜಲಪಾತ ಅಂದರೆ ದಾದರ್ ಸ್ಟೇಷನ್ನೇ. ಮೈಲುದ್ದ ಗಾಡಿ, ಸುಟ್ಟ ಜೋಳ, ಮ್ಯಾಗಿ, ಕಾರಿನ ಡಿಕ್ಕಿಯಿಂದ ಹಾಡು. ಸೋಮವಾರ ಮಧ್ಯಾಹ್ನ ತಲುಪಿ ಬುಧವಾರ ಇಳಿಯಿರಿ. ಶಾಲೆಗೆ ಮೂರು ದಿನ ರಜೆ ಹಾಕಿಸಿದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ. ಕಾವಳೇಸಾದ್‌ಗೆ ಹೋಗಿ, ಅಲ್ಲಿ ಕಣಿವೆಯ ಗಾಳಿ ಜೋರಾಗಿ ಬೀಸಿದಾಗ ಜಲಪಾತದ ನೀರು ಕೆಳಗೆ ಬೀಳದೆ ಮೇಲಕ್ಕೇ ಹಾರಿಬಂದು ಮುಖಕ್ಕೆ ಬಡಿಯುತ್ತದೆ. ಕಟಕಟೆ ದಾಟಬೇಡಿ. ಹಿರಣ್ಯಕೇಶಿ ಗುಡಿಗೂ ಹೋಗಿ. ನಮ್ಮ ಸಂಕೇಶ್ವರದಲ್ಲಿ ಹರಿಯುವ ಹಿರಣ್ಯಕೇಶಿ ಹೊಳೆ ಹುಟ್ಟುವುದು ಅಲ್ಲಿನ ಗುಹೆಯಲ್ಲಿ. ಆಕಾಶ ತಿಳಿಯಾದ ದಿನ ಅಂಬೋಲಿಯಿಂದ ಅರಬ್ಬೀ ಸಮುದ್ರ ಕಾಣುತ್ತದೆ, ಅಷ್ಟು ಹತ್ತಿರ. ಆದರೂ ಈ ಹೊಳೆ ಅದಕ್ಕೆ ಬೆನ್ನು ಹಾಕಿ ಘಟಪ್ರಭೆ ಸೇರಿ, ಕೃಷ್ಣೆ ಸೇರಿ, ಬಂಗಾಳ ಕೊಲ್ಲಿಗೆ ಹೋಗುತ್ತದೆ. ಗುಡಿಯ ಮುಂದಿನ ಕೊಳದಲ್ಲಿ ಒಂದು ಪುಟ್ಟ ಮೀನು ಇದೆ. ವಿಜ್ಞಾನಿಗಳು ಅದನ್ನು ಹೊಸ ಜಾತಿ ಎಂದು ಗುರುತಿಸಿ ಶಿಸ್ಟುರಾ ಹಿರಣ್ಯಕೇಶಿ ಎಂದು ಹೆಸರಿಟ್ಟದ್ದು 2020ರಲ್ಲಿ. ಮರುವರ್ಷವೇ ಮಹಾರಾಷ್ಟ್ರ ಸರ್ಕಾರ ಆ ಜಾಗವನ್ನು ಜೀವವೈವಿಧ್ಯ ಪರಂಪರೆಯ ತಾಣ ಎಂದು ಘೋಷಿಸಿತು. ಕೊಳಕ್ಕೆ ಕೈಕಾಲು ಬಿಡಬೇಡಿ, ಬಿಸ್ಕತ್ತು ಹಾಕಬೇಡಿ.

ಮಂಗಟ್ಟೆಯೇ ಬೇಕು ಅಂದರೆ ನವೆಂಬರಿನಿಂದ ಮಾರ್ಚ್ ನಡುವೆ ಇನ್ನೊಂದು ಸಲ ಬನ್ನಿ. ಹಣ್ಣು ಬಿಟ್ಟ ಆಲವೋ ಅತ್ತಿಯೋ ಎಲ್ಲಿದೆ ಎಂದು ಊರಿನವರನ್ನು ಕೇಳಿ, ಬೆಳಗ್ಗೆ ಏಳಕ್ಕೆ ಅದರ ಎದುರು ಕೂತುಬಿಡಿ. ಅಲೆಯುವವರಿಗಿಂತ ಕೂತವರಿಗೇ ಜಾಸ್ತಿ ಹಕ್ಕಿ ಸಿಗುತ್ತದೆ. ಮಲೆ ಮಂಗಟ್ಟೆ ಬರುವ ಮೊದಲೇ ಅದರ ನಗು ಕೇಳಿಸುತ್ತದೆ, ಒರಟು ನಗು. ಜೊತೆಗೆ ಕುಟ್ರು, ಪಿಕಳಾರ, ಕಿತ್ತಳೆ ಬಣ್ಣದ ಚಿತ್ರಪಕ್ಷಿ, ಹೂ ಇದ್ದಲ್ಲಿ ಸೂರಕ್ಕಿ.

ಹೋಗುವುದು ಸುಲಭ. ರಾತ್ರಿಯ ಕೊಂಕಣಕನ್ಯಾ ಎಕ್ಸ್‌ಪ್ರೆಸ್ಸನ್ನು ಠಾಣೆಯಲ್ಲಿ ಹತ್ತಿ, ಬೆಳಗ್ಗೆ ಸಾವಂತವಾಡಿ ರೋಡ್‌ನಲ್ಲಿ ಇಳಿಯಿರಿ. ಸ್ಟೇಷನ್ ಊರಿಂದ ದೂರ, ರಿಕ್ಷಾ ಬೇಕು. ಊರಿನ ಎಸ್.ಟಿ. ಸ್ಟ್ಯಾಂಡಿನಿಂದ ಅಂಬೋಲಿ 30 ಕಿಲೋಮೀಟರ್ ಆಸುಪಾಸು. ಬೆಳಗಾವಿ ಕಡೆ ಹೋಗುವ ಕೆಂಪು ಬಸ್ಸು ಹತ್ತಿದರೂ ಆದೀತು.

ಮಗಳು ಅಮೆರಿಕದಲ್ಲಿದ್ದಾಳೆ. ಬರುವ ಮಾರ್ಚಿನಲ್ಲಿ ನಮ್ಮಿಬ್ಬರನ್ನು ಕೋಸ್ಟರಿಕಾದ ಮೊಂಟೆವೆರ್ಡೆ ಎಂಬ ಊರಿಗೆ ಕರೆದುಕೊಂಡು ಹೋಗುತ್ತಾಳಂತೆ, ಅದು ಮೋಡದ ಕಾಡಂತೆ. ಅಂಬೋಲಿ ನೋಡಿದವರಿಗೆ ಅಲ್ಲಿ ಹೊಸದೇನಿದೆ?
*ನಿವೃತ್ತ ಶಿಕ್ಷಕಿ, ಮಾಟುಂಗಾ*

ಹೊಸದು ಬೇಕಾದಷ್ಟಿದೆ ಮೇಡಂ. ಕಣ್ಣುಮುಚ್ಚಿ ಹೋಗಿಬನ್ನಿ. ಮೊಂಟೆವೆರ್ಡೆಗೆ ನಾನು ಹೋದವನಲ್ಲ. ಓದಿ ತಿಳಿದದ್ದನ್ನು ಹೇಳುತ್ತೇನೆ.

ಅಂಬೋಲಿಯದು ನಾಲ್ಕು ತಿಂಗಳ ಮೋಡ. ಅಕ್ಟೋಬರಿಗೆ ಮೋಡ ಗಂಟುಮೂಟೆ ಕಟ್ಟುತ್ತದೆ, ಏಪ್ರಿಲ್‌ಗೆ ಹುಲ್ಲು ಒಣಗಿ ನಿಂತಿರುತ್ತದೆ. ಮೊಂಟೆವೆರ್ಡೆ ಅದರ ಎರಡು ಪಟ್ಟು ಎತ್ತರ, ಸುಮಾರು 1,400 ಮೀಟರ್. ಕೆರಿಬಿಯನ್ ಕಡೆಯಿಂದ ಬೀಸುವ ಗಾಳಿ ಅಲ್ಲಿ ಬೇಸಿಗೆಯಲ್ಲೂ ಬಿಡುವುದಿಲ್ಲ. ಮಳೆ ಇಲ್ಲದ ತಿಂಗಳಲ್ಲೂ ಮೋಡ ಕಾಡನ್ನು ಒರೆಸಿಕೊಂಡು ಹೋಗುತ್ತಿರುತ್ತದೆ. ಹಾಗಾಗಿ ಮರದ ಮೈಮೇಲೆ ಪಾಚಿ, ಜರಿಗಿಡ, ಸೀತಾಳೆ ಎಲ್ಲ ಪದರ ಪದರವಾಗಿ ಬೆಳೆದಿರುತ್ತವೆ. ನಮ್ಮಲ್ಲಿ ಅದಕ್ಕೆ ಸರಿಜೋಡಿ ಬೇಕಾದರೆ ಕುದುರೆಮುಖ, ಬಾಬಾಬುಡನ್‌ಗಿರಿಯ ನೆತ್ತಿಯ ಶೋಲಾ ಕಾಡಿಗೆ ಹೋಗಬೇಕು.

ಊರಿನ ಕತೆ ನಿಮಗೆ ಇಷ್ಟವಾಗಬಹುದು, ಪಾಠ ಹೇಳಿದವರು ನೀವು. ಕೋಸ್ಟರಿಕಾ 1948ರಲ್ಲಿ ಸೈನ್ಯವನ್ನೇ ಬರಖಾಸ್ತು ಮಾಡಿತು. ಯುದ್ಧ ಬೇಡ ಅನ್ನುವ ಕ್ವೇಕರ್ ಪಂಥದ ಕೆಲವು ಕುಟುಂಬಗಳು ಅದನ್ನು ಮೆಚ್ಚಿ ಅಮೆರಿಕದ ಅಲಬಾಮಾ ಬಿಟ್ಟು 1951ರಲ್ಲಿ ಇಲ್ಲಿಗೆ ಬಂದವು. ಹಸು ಕಟ್ಟಿದರು, ಚೀಸ್ ಮಾಡಿದರು. ಆದರೆ ತಮ್ಮ ಹೊಳೆಯ ನೆತ್ತಿಯ ಕಾಡನ್ನು ಮಾತ್ರ ಕಡಿಯದೆ ಬಿಟ್ಟರು. ಅಲ್ಲಿನ ರಕ್ಷಿತಾರಣ್ಯ ಶುರುವಾದದ್ದು 1972ರಲ್ಲಿ.

ಅಲ್ಲಿ ಎಲ್ಲರೂ ಹುಡುಕುವುದು ಕ್ವೆಟ್ಸಾಲ್ ಹಕ್ಕಿಯನ್ನು. ಹಸಿರು ಮೈ, ಕೆಂಪು ಹೊಟ್ಟೆ, ಗಂಡಿಗೆ ಎರಡು ಅಡಿಗೂ ಉದ್ದದ ಬಾಲದ ಗರಿ. ಮಾರ್ಚ್ ಅದರ ಗೂಡಿನ ಕಾಲ, ನಿಮ್ಮ ಮಗಳು ಸರಿಯಾದ ತಿಂಗಳನ್ನೇ ಆರಿಸಿದ್ದಾಳೆ. ಅದಕ್ಕೆ ಕಾಡು ಬೆಣ್ಣೆಹಣ್ಣು ಅಂದರೆ ಪ್ರಾಣ. ಗೈಡ್‌ಗಳೂ ಆ ಮರದ ಕೆಳಗೇ ಕಾಯುತ್ತಾರೆ. ಈ ಕ್ವೆಟ್ಸಾಲ್ ನಮ್ಮ ಘಟ್ಟದ ಕಾಕರಣೆ (ಟ್ರೋಗನ್) ಹಕ್ಕಿಯ ಕುಟುಂಬದ್ದೇ. ಎರಡೂ ಲಡ್ಡಾದ ಮರದಲ್ಲಿ ಗೂಡು ಕೊರೆಯುತ್ತವೆ. ಎರಡಕ್ಕೂ ಕಾಲಿನ ಒಂದನೇ ಮತ್ತು ಎರಡನೇ ಬೆರಳು ಹಿಂದಕ್ಕೆ ತಿರುಗಿರುತ್ತವೆ. ಈ ಜೋಡಣೆ ಬೇರೆ ಯಾವ ಹಕ್ಕಿ ಕುಟುಂಬಕ್ಕೂ ಇಲ್ಲ. ಆದ್ದರಿಂದ ಮಾರ್ಚಿಗೆ ಮೊದಲು ಗೋವಾದಲ್ಲಿ ಒಮ್ಮೆ ಕಾಕರಣೆ ನೋಡಿಕೊಂಡು ಹೋಗಿ. ಅದರ ಕೂರುವ ಠೀವಿ ಗೊತ್ತಿದ್ದವರಿಗೆ ಕ್ವೆಟ್ಸಾಲ್ ಬೇಗ ಕಣ್ಣಿಗೆ ಬೀಳುತ್ತದೆ.

ಅಲ್ಲಿ ಒಂದು ಕಪ್ಪೆಯ ಚಿತ್ರ ಎಲ್ಲೆಲ್ಲೂ ಕಾಣುತ್ತದೆ, ಬಂಗಾರದ ಬಣ್ಣದ್ದು. ಹುಡುಕಬೇಡಿ, ಈಗ ಅದು ಇಲ್ಲ. ಆ ಬೆಟ್ಟದಲ್ಲಿ ಬಿಟ್ಟರೆ ಜಗತ್ತಿನ ಬೇರೆ ಎಲ್ಲೂ ಇರಲಿಲ್ಲ. ಕೊನೆಯ ಸಲ ಕಂಡದ್ದು 1989ರಲ್ಲಿ. ಬರಗಾಲದಂಥ ಒಣ ವರ್ಷ ಮತ್ತು ಕಪ್ಪೆಗಳ ಚರ್ಮಕ್ಕೆ ತಗಲುವ ಶಿಲೀಂಧ್ರ ರೋಗ, ಎರಡರ ಮೇಲೂ ಬೊಟ್ಟು ಮಾಡುತ್ತಾರೆ. ನಮ್ಮ ಅಂಬೋಲಿಗೂ ತನ್ನದೇ ಒಂದು ನೆಲಗಪ್ಪೆ ಇದೆ. ಹುಲಿಯ ಮೈಯಂತೆ ಪಟ್ಟೆ ಇರುವುದರಿಂದ ವೈಜ್ಞಾನಿಕ ಹೆಸರಿನಲ್ಲೂ ಟೈಗೆರಿನಾ ಇದೆ, 2009ರಲ್ಲಿ ಇಟ್ಟ ಹೆಸರು. ಅಳಿವಿನ ಅಂಚಿನ ಪಟ್ಟಿಯಲ್ಲಿ ಅದು ತೀರಾ ಮೇಲಿನ ಸಾಲಿನಲ್ಲಿದೆ. ಮೊದಲ ಮಳೆಗೆ ಕೆಂಪುಕಲ್ಲಿನ ಬಯಲಿನಲ್ಲಿ ಬೊಗಸೆ ನೀರು ನಿಲ್ಲುತ್ತದಲ್ಲ, ಅಲ್ಲೇ ಮೊಟ್ಟೆ ಇಡುತ್ತದೆ. ಮಳೆ ರಾತ್ರಿ ರಸ್ತೆ ದಾಟುವಾಗ ಕಾರಿನ ಚಕ್ರಕ್ಕೆ ಸಿಕ್ಕು ಸಾಯುವ ಕಪ್ಪೆಗಳು ಅಂಬೋಲಿಯಲ್ಲಿ ಬಹಳ. ಜೂನ್-ಜುಲೈನಲ್ಲಿ ಕತ್ತಲಾದ ಮೇಲೆ ಆ ರಸ್ತೆಯಲ್ಲಿ ಗಾಡಿ ಓಡಿಸುವವರು ದಯವಿಟ್ಟು ನಿಧಾನಕ್ಕೆ ಹೋಗಿ. ಇದು ಮೊದಲ ಪತ್ರದವರಿಗೂ ಅನ್ವಯಿಸುತ್ತದೆ.

ಹೊಸ ಕ್ಯಾಮೆರಾ ಕೊಂಡಿದ್ದೇನೆ. ಒಬ್ಬ ಗೈಡ್ ಫೋನಿನಲ್ಲಿ ಹಕ್ಕಿಯ ದನಿ ಹಾಕಿ ಕಾಕರಣೆಯನ್ನು ಎದುರಿಗೇ ತಂದು ಕೂರಿಸುತ್ತೇನೆ, ಆಮೇಲೆ ಪುಟ್ಟ ಮಿಂಚುಳ್ಳಿಯ ಗೂಡಿನ ಮುಂದೂ ಕೂರಿಸುತ್ತೇನೆ ಅನ್ನುತ್ತಾರೆ. ಹಣ ಕೊಡಬಹುದಾ?
*ಐಟಿ ಉದ್ಯೋಗಿ, ಚಿಂಚವಾಡ*

ಬೇಡ ತಮ್ಮಾ. ಫೋನಿನ ದನಿ ಕೇಳಿದ ಗಂಡುಹಕ್ಕಿ ತನ್ನ ಜಾಗಕ್ಕೆ ಇನ್ನೊಬ್ಬ ಗಂಡು ನುಗ್ಗಿದ್ದಾನೆ ಅಂದುಕೊಂಡು ಜಗಳಕ್ಕೆ ಬರುತ್ತದೆ. ಗೂಡಿನ ಕಾಲದಲ್ಲಿ ಒಬ್ಬೊಬ್ಬ ಗೈಡ್ ದಿನಕ್ಕೆ ನಾಲ್ಕು ಸಲ ಹೀಗೆ ಮಾಡಿದರೆ ಅದು ಮರಿಗೆ ಹುಳ ಹಿಡಿದು ತರುವುದು ಯಾವಾಗ?

ಗೂಡಿನ ವಿಷಯದಲ್ಲಿ ಇದು ಬರೀ ಸಭ್ಯತೆಯ ಪ್ರಶ್ನೆಯೂ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಹಕ್ಕಿಯ ಗೂಡಿಗೆ, ಮೊಟ್ಟೆಗೆ ತೊಂದರೆ ಕೊಡುವುದೂ ಬೇಟೆಯ ಲೆಕ್ಕಕ್ಕೇ ಬರುತ್ತದೆ. ಪುಟ್ಟ ಮಿಂಚುಳ್ಳಿ ಮಳೆಗಾಲದಲ್ಲಿ ಹಳ್ಳದ ಬದಿಯ ಮಣ್ಣು ಕೊರೆದು ಗೂಡು ಮಾಡುತ್ತದೆ. ಅದರ ಎದುರು ಹತ್ತು ಜನ ಲೆನ್ಸ್ ಹಿಡಿದು ಸಾಲಾಗಿ ಕೂತ ಚಿತ್ರ ನೋಡಿದರೆ ನನಗೆ ರೇಷನ್ ಅಂಗಡಿ ನೆನಪಾಗುತ್ತದೆ.

ಕಾಕರಣೆ ಸಿಗಲು ಫೋನ್ ಬೇಕಿಲ್ಲ. ಅದು ಓಡಾಡುವ ಜಾತಿಯಲ್ಲ. ಮಧ್ಯಮ ಎತ್ತರದ ಕೊಂಬೆಯ ಮೇಲೆ, ನೆರಳಿನಲ್ಲಿ, ನೆಟ್ಟಗೆ ಕೂತಿರುತ್ತದೆ. ಗಂಡಿಗೆ ಕಪ್ಪು ತಲೆ, ಎದೆಗೆ ಬಿಳಿ ಪಟ್ಟಿ, ಅದರ ಕೆಳಗೆಲ್ಲ ಕೆಂಪು. ಅಷ್ಟು ಕೆಂಪಿದ್ದರೂ ಯಾಕೆ ಕಾಣುವುದಿಲ್ಲ ಗೊತ್ತಾ? ನೀವು ಕಾಲಿಟ್ಟ ತಕ್ಷಣ ನಿಮಗೆ ಬೆನ್ನು ಕೊಟ್ಟು ತಿರುಗಿ ಕೂರುತ್ತದೆ. ಬೆನ್ನು ಒಣಗಿದ ಎಲೆಯ ಬಣ್ಣ. ತಲೆಯನ್ನು ಮಾತ್ರ ಮೆಲ್ಲಗೆ ಹಿಂದಕ್ಕೆ ತಿರುಗಿಸಿ ನಿಮ್ಮನ್ನು ನೋಡುತ್ತದೆ. ಅದು ಬೆನ್ನು ಕೊಟ್ಟರೆ ಕ್ಯಾಮೆರಾ ಎತ್ತಬೇಡಿ, ನಿಂತಲ್ಲೇ ನಿಲ್ಲಿ. ಹುಳ ಕಂಡರೆ ಹಾರಿ ಹಿಡಿದು ಬೇರೆ ಕೊಂಬೆಗೆ ಹೋಗಿ ಕೂರುತ್ತದೆ. ಎದೆ ಕಾಣುವುದು ಆಗಲೇ. ಹೀಗೆ ಕಾದು ನಿಲ್ಲಿಸುವ ಗೈಡ್ ಸಿಕ್ಕರೆ ಅವರಿಗೆ ಕೇಳಿದ್ದಕ್ಕಿಂತ ನೂರು ರೂಪಾಯಿ ಜಾಸ್ತಿಯೇ ಕೊಡಿ.

ಫೋನನ್ನು ಬೇಕಾದರೆ ಕೇಳಲು ಬಳಸಿ, ಕೂಗಲು ಬೇಡ. ಮರ್ಲಿನ್ ಆಪ್ ಹಕ್ಕಿಯ ದನಿ ಕೇಳಿ ಹೆಸರು ಹೇಳುತ್ತದೆ. ಘಟ್ಟದಲ್ಲಿ ಸಿಗ್ನಲ್ ಇರುವುದಿಲ್ಲ, ಪುಣೆಯಲ್ಲಿದ್ದಾಗಲೇ ಭಾರತದ ಪ್ಯಾಕ್ ಇಳಿಸಿಕೊಳ್ಳಿ. ಅದು ಹೇಳಿದ್ದೆಲ್ಲ ವೇದವಾಕ್ಯ ಅಲ್ಲ. ಭೀಮರಾಜ ಅನ್ನುವ ಹಕ್ಕಿ ಇದೆಯಲ್ಲ, ಹತ್ತಾರು ಹಕ್ಕಿಗಳ ದನಿ ಕದ್ದು ಕೂಗಿ ಆಪಿಗೂ ಟೋಪಿ ಹಾಕುತ್ತಾನೆ.

ಬೈನಾಕ್ಯುಲರ್ 10x50 ತೆಗೆದುಕೊಳ್ಳಲಾ, 8x42 ತೆಗೆದುಕೊಳ್ಳಲಾ?
*ವಿದ್ಯಾರ್ಥಿನಿ, ಮಡಗಾಂವ್*

8x42. ಮೊದಲ ಅಂಕಿ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಅಂತ, ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಹತ್ತು ಪಟ್ಟು ದೊಡ್ಡದಾಗಿ ಕಾಣುವುದರಲ್ಲಿ ಕೈ ನಡುಕವೂ ಹತ್ತು ಪಟ್ಟು ಕಾಣುತ್ತದೆ. 50ರದು ಭಾರವೂ ಜಾಸ್ತಿ, ಸಂಜೆ ಹೊತ್ತಿಗೆ ಕುತ್ತಿಗೆ ಹಿಡಿದುಕೊಳ್ಳುತ್ತದೆ. ದಟ್ಟ ಕಾಡಿನಲ್ಲಿ ಬೇಕಾದದ್ದು ಅಗಲವಾದ ನೋಟ. ಒಳಗೆ ನೈಟ್ರೋಜನ್ ತುಂಬಿದ್ದು, ನೀರು ಹೋಗದ್ದು ಅಂತ ಕೇಳಿಯೇ ಕೊಳ್ಳಮ್ಮ. ಇಲ್ಲದಿದ್ದರೆ ಮೊದಲ ಮಳೆಗೇ ಗಾಜಿನ ಒಳಗೆ ಹಬೆ ಕೂರುತ್ತದೆ, ಒರೆಸಲೂ ಆಗುವುದಿಲ್ಲ. ಮನೆಗೆ ಬಂದ ಮೇಲೆ ಒರೆಸಿ, ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡು. ಗೋವಾದ ಹವೆಗೆ ಕಪಾಟಿನಲ್ಲಿಟ್ಟ ಲೆನ್ಸಿಗೂ ಬೂಷ್ಟು ಬರುತ್ತದೆ.

ಜಿಗಣೆಗೆ ಹೆದರಿ ನಾನು ಹೋಗುವುದೇ ಇಲ್ಲ ಅಂದಿದ್ದೇನೆ. ಮನೆಯವರು ಬಿಡುತ್ತಿಲ್ಲ. ಏನಾದರೂ ಉಪಾಯ?
*ಗೃಹಿಣಿ, ವಾಸ್ಕೋ*

ಅಕ್ಕಾ, ಜಿಗಣೆ ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ಅದು ಊಟ ಮುಗಿಸಿ ಇಳಿದಿರುತ್ತದೆ. ರಕ್ತ ಹೆಪ್ಪುಗಟ್ಟದಂತೆ ಅದು ರಸ ಬಿಡುವುದರಿಂದ ಆಮೇಲೂ ಸ್ವಲ್ಪ ಹೊತ್ತು ಸೋರುತ್ತದೆ, ನೋಡಲು ಮಾತ್ರ ಭಯಾನಕ. ದಟ್ಟ ನೇಯ್ಗೆಯ ಮೊಣಕಾಲುದ್ದದ ಜಿಗಣೆ ಸಾಕ್ಸ್ ಸಿಗುತ್ತದೆ. ಪ್ಯಾಂಟನ್ನು ಅದರೊಳಗೆ ತೂರಿಸಿ, ಮೇಲಿನ ಅಂಚಿಗೆ ನಶ್ಯದ ಪುಡಿ ಉಜ್ಜಿ. ಹತ್ತಿದ್ದನ್ನು ಎಳೆಯಬೇಡಿ, ಬಾಯಿ ಕಚ್ಚಿದ ಕಡೆ ಉಗುರು ಜಾರಿಸಿ ಬಿಡಿಸಿ. ಉಪ್ಪಿನ ಪೊಟ್ಟಣ ಜೇಬಿನಲ್ಲಿರಲಿ, ಆದರೆ ದಾರಿಯುದ್ದಕ್ಕೂ ಚೆಲ್ಲುತ್ತಾ ಹೋಗಬೇಡಿ. ಕಪ್ಪೆಗೆ, ಬಸವನಹುಳಕ್ಕೆ ಅದು ಉರಿ. ಅಷ್ಟಕ್ಕೂ ಬೇಡವೇ ಬೇಡ ಅಂದರೆ ಜನವರಿಯಲ್ಲಿ ಹೋಗಿ, ಜಿಗಣೆ ಇರುವುದಿಲ್ಲ.

ಅಂಬೋಲಿ ದೂರವಾಯಿತು. ನಮಗೆ ಒಂದೇ ದಿನ ರಜೆ. ಗೋವಾದೊಳಗೇ ಇಂಥ ಜಾಗ ಇಲ್ಲವಾ?
*ಓದುಗರು, ಫೋಂಡಾ*

ಇದೆ, ಚೋರ್ಲಾ ಘಾಟ್. ಬೆಳಗಾವಿಯ ತರಕಾರಿ ಗಾಡಿಗಳು ಗೋವಾಕ್ಕೆ ಇಳಿಯುವ ದಾರಿ ಅದೇ. ಗೋವಾ, ಕರ್ನಾಟಕ, ಮಹಾರಾಷ್ಟ್ರ ಮೂರೂ ಅಲ್ಲಿ ಕೂಡುತ್ತವೆ. ಘಟ್ಟದ ಮೇಲೆ ಗೋವಾದ ಕಡೆ ಸತ್ತರಿ ತಾಲೂಕಿನ ಸುರ್ಲಾ ಇದೆ. ಅಲ್ಲಿನ ಕಾಡು ಮಹದಾಯಿ ಅಭಯಾರಣ್ಯಕ್ಕೆ ಸೇರಿದ್ದು, 1999ರಲ್ಲಿ ಆದದ್ದು, 208 ಚದರ ಕಿಲೋಮೀಟರ್. ಮಳೆಗಾಲದಲ್ಲಿ ಅಲ್ಲೂ ಮೋಡ ರಸ್ತೆಗೇ ಇಳಿಯುತ್ತದೆ. ಜಲಪಾತಗಳಿಗೆ ಆಗಾಗ ನಿರ್ಬಂಧ ಹಾಕುತ್ತಾರೆ, ಅರಣ್ಯ ಇಲಾಖೆಯವರನ್ನು ವಿಚಾರಿಸಿಕೊಂಡು ಹೋಗಿ.

ಮ್ಯಾಪಿನಲ್ಲಿ ಬರೀ ಸುರ್ಲಾ ಅಂತ ಒತ್ತಬೇಡಿ. ಬಿಚೋಲಿಯಲ್ಲೊಂದು ಸುರ್ಲಾ ಇದೆ, ಅದು ಗಣಿಯ ಊರು. ಇನ್ನೊಂದು ತಾಂಬ್ಡಿ ಸುರ್ಲಾ, ಕದಂಬರ ಕಾಲದ ಕರಿಕಲ್ಲಿನ ಮಹಾದೇವ ಗುಡಿ ಇರುವುದು. ಒಂದೇ ದಿನ ಇದ್ದು, ಮೋಡಕ್ಕಿಂತ ಹಕ್ಕಿ ಮುಖ್ಯ ಅಂದರೆ ನಾನು ನಿಮ್ಮನ್ನು ಕಳಿಸುವುದು ಈ ತಾಂಬ್ಡಿ ಸುರ್ಲಾಕ್ಕೇ. ಡಿಸೆಂಬರಿನಲ್ಲಿ, ಗುಡಿಗೆ ಬಸ್ಸುಗಳು ಬರುವ ಮೊದಲು. ಹಳ್ಳದ ಬದಿಯಲ್ಲಿ ಕೂತರೆ ಕಾಕರಣೆ, ಶಾಮ, ಭೀಮರಾಜ ಸಿಗಬಹುದು. ಹಳದಿ ಮೈ, ಕಪ್ಪು ತಲೆ, ಕೆಂಪು ಗಂಟಲಿನ ಪಿಕಳಾರ ಕಂಡರೆ ಮನೆಯಲ್ಲಿ ಮಕ್ಕಳಿಗೆ ಹೇಳಿ, ಅದು ಗೋವಾದ ರಾಜ್ಯಪಕ್ಷಿ.

ನಿಮ್ಮ ಫೋಂಡಾಕ್ಕೆ ಇನ್ನೂ ಹತ್ತಿರ ಬೇಕಾದರೆ ಬೋಂಡ್ಲಾ, ಬರೀ 8 ಚದರ ಕಿಲೋಮೀಟರ್. ಪ್ರಾಣಿಸಂಗ್ರಹಾಲಯ ಬಿಟ್ಟು ಅದರ ಸುತ್ತಲಿನ ಕಾಡುರಸ್ತೆಯಲ್ಲಿ ನಡೆಯಿರಿ. ನಿಮ್ಮ ಆ ಒಂದು ದಿನದ ರಜೆ ಗುರುವಾರವಾದರೆ ಮಾತ್ರ ಬೇಡ, ಅವತ್ತು ಬೋಂಡ್ಲಾ ಬಾಗಿಲು ಹಾಕಿರುತ್ತದೆ.